ಮೂವತ್ತು ಸಾವಿರ ಕಿಲೋಮೀಟರಿನ ಸಾಕ್ಷಿ

ಭಾನುವಾರ ಬೆಳಿಗ್ಗೆ ಏಳರ ಹೊತ್ತಿಗೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳ ಮುಂದೆ ಹತ್ತು ನಿಮಿಷ ನಿಂತು ನೋಡಿ. ಸಾಲಾಗಿ ನಿಂತ ಬೈಕುಗಳ ನಡುವೆ, ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡವರು ತಮ್ಮ ಗಾಡಿಗಿಂತ ಪಕ್ಕದವರ ಗಾಡಿಯನ್ನೇ ಹೆಚ್ಚು ನೋಡುತ್ತಿರುತ್ತಾರೆ. ‘ಎಷ್ಟು ಕೊಡುತ್ತೆ?’ ಎಂಬ ಒಂದೇ ಪ್ರಶ್ನೆಯಿಂದ ಮಾತು ಶುರುವಾಗುತ್ತದೆ. ಮೈಲೇಜಿನಿಂದ ಸರ್ವಿಸ್ ಖರ್ಚಿಗೆ, ಅಲ್ಲಿಂದ ಸಿಗ್ನಲ್ಲಿನಲ್ಲಿ ಕಾಲಿಗೆ ಬಡಿಯುವ ಬಿಸಿಗೆ, ಹಿಂದೆ ಕೂತವರ ಸೊಂಟನೋವಿಗೆ ಹೊರಳಿ, ಎರಡನೇ ಕಾಫಿಯ ಹೊತ್ತಿಗೆ ‘ಮುಂದೆ ಯಾವುದು ತಗೋಬೇಕು ಅಂತಿದ್ದೀರಿ?’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಗಾಡಿ ಚೆನ್ನಾಗಿಯೇ ಓಡುತ್ತಿರುತ್ತದೆ. ಆದರೂ ಮುಂದಿನದು ಯಾವುದು ಎಂಬ ಲೆಕ್ಕಾಚಾರ ಬೈಕ್ ಓಡಿಸುವವರ ತಲೆಯಲ್ಲಿ ನಿಲ್ಲುವುದಿಲ್ಲ.

ಈ ಹೋಟೆಲ್ ಮುಂದಿನ ಮಾತನ್ನು ನಾನು ಬಹಳ ಗೌರವದಿಂದ ಕೇಳುತ್ತೇನೆ. ಕಂಪನಿಯ ಕೈಪತ್ರ ಗಾಡಿಯ ಅತ್ಯುತ್ತಮ ಗಳಿಗೆಯನ್ನು ಮಾತ್ರ ಹೇಳುತ್ತದೆ. ವಿಮರ್ಶಕರ ಕೈಗೆ ಹೊಸ ಟೈರು, ಹೊಸ ಚೈನು, ತುಂಬಿದ ಟ್ಯಾಂಕಿನ ಗಾಡಿ ಒಂದೆರಡು ದಿನಕ್ಕೆ ಸಿಗುತ್ತದೆ. ಆದರೆ ಅದೇ ಗಾಡಿಯನ್ನು ಮೂರು ಮಳೆಗಾಲ ಓಡಿಸಿ, ಕ್ಲಚ್ ಪ್ಲೇಟು ಸವೆಸಿ, ಕೋನ್‌ಸೆಟ್ ಬದಲಿಸಿ, ಒಂದು ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾದ ಮಾಲೀಕನಿಗೆ ಗೊತ್ತಿರುವುದು ಬೇರೆಯೇ ಸತ್ಯ. ಮೂವತ್ತು ಸಾವಿರ ಕಿಲೋಮೀಟರ್ ದಾಟಿಸಿದವರ ಒಂದು ಮಾತು ಮೂವತ್ತು ವಿಡಿಯೊಗಳಿಗಿಂತ ಹೆಚ್ಚು ತೂಗುತ್ತದೆ. ಹಾಗೆಂದು ‘ಗಾಡಿ ಹೇಗಿದೆ?’ ಎಂದು ಕೇಳಿದರೆ ಸಾಲದು. ಸಾಲ ಮಾಡಿ ಕೊಂಡ ಗಾಡಿಯನ್ನು ಯಾರೂ ಸುಲಭಕ್ಕೆ ತೆಗಳುವುದಿಲ್ಲ. ‘ಹತ್ತು ಸಾವಿರದ ನಂತರ ಏನೇನು ಬದಲಿಸಿದಿರಿ? ಕೊನೆಯ ಬಿಲ್ ಎಷ್ಟಾಯಿತು? ಮನೆಯವರು ಹಿಂದೆ ಕೂತು ಎಷ್ಟು ದೂರ ಬರುತ್ತಾರೆ?’ ಎಂದು ಕೇಳಬೇಕು. ನಿಜ ಹೊರಬರುವುದು ಆಗ.

ಕರ್ನಾಟಕದವರಿಗೆ ಈ ಚರ್ಚೆ ಹೊಸದಲ್ಲ, ಅದಕ್ಕೆ ಮೈಸೂರೇ ಕಾರಣ. 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದಾಗ ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. ಜಾವಾ ಹೆಸರು ಮುಂದೆ ಯೆಜ್ಡಿಯಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ಕ್ಕೆ ಕಾರ್ಖಾನೆ ಮುಚ್ಚಿತು. ಆ ಗಾಡಿಯ ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಲಿವರ್. ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ಮಡಚಿ ಗೇರು ಹಾಕಬೇಕು. ಪೆಟ್ರೋಲಿಗೆ ಆಯಿಲ್ ಬೆರೆಸಿ ತುಂಬಿಸಬೇಕು. ಇಷ್ಟೆಲ್ಲ ಕಲಿತವರಿಗೆ ತಮ್ಮ ಗಾಡಿಯ ಪ್ರತಿ ಸದ್ದಿನ ಅರ್ಥವೂ ಗೊತ್ತಿತ್ತು. ಯೆಜ್ಡಿಯವರು ಬುಲೆಟ್‌ನವರ ಜೊತೆ, 1985ರ ನಂತರ ಇವರಿಬ್ಬರೂ ಯಮಹಾ ಆರ್‌ಎಕ್ಸ್ 100ರವರ ಜೊತೆ ವಾದಕ್ಕೆ ಇಳಿದದ್ದನ್ನು ನೋಡಿ ಬೆಳೆದ ತಲೆಮಾರು ನಮ್ಮದು. ಆರ್‌ಎಕ್ಸ್ 100 ಕೇವಲ 98 ಸಿಸಿಯ ಟೂ ಸ್ಟ್ರೋಕ್ ಗಾಡಿ, 11 ಕುದುರೆ ಶಕ್ತಿ. ಆದರೆ ಗಾಡಿಯೇ ಹಗುರ. ಇಂದಿಗೂ ಸುಸ್ಥಿತಿಯ ಆರ್‌ಎಕ್ಸ್ ಮಾರಾಟಕ್ಕೆ ಬಂದರೆ ಮಾಲೀಕ ಹೇಳಿದ್ದೇ ಬೆಲೆ. ಅದೇ 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಲೀಟರಿನ ಲೆಕ್ಕವನ್ನು ಮಧ್ಯಮ ವರ್ಗದ ಮನೆಮನೆಗೆ ತಂದಿತು. ಇಂದಿಗೂ ಮೊದಲ ಪ್ರಶ್ನೆ ‘ಎಷ್ಟು ಕೊಡುತ್ತೆ’ ಎಂಬುದೇ ಆಗಿರುವುದಕ್ಕೆ ಆ ಗಾಡಿಯೂ ಒಂದು ಕಾರಣ.

ಆ ಪ್ರಶ್ನೆಗೆ ಈಗ ಎಷ್ಟು ಬೆಲೆ ಎಂದು ಒಮ್ಮೆ ಲೆಕ್ಕ ಹಾಕೋಣ. ಲೀಟರಿಗೆ 35 ಕೊಡುವ ಒಂದು ಗಾಡಿ, 28 ಕೊಡುವ ಇನ್ನೊಂದು. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುವವರಿಗೆ ಇವೆರಡರ ನಡುವಿನ ವ್ಯತ್ಯಾಸ ಸುಮಾರು 71 ಲೀಟರ್. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ಏಳು ಸಾವಿರದ ಆಸುಪಾಸು. ನೂರು ಸಿಸಿ ಗಾಡಿಯಲ್ಲಿ ದಿನವಿಡೀ ಸುತ್ತುವ ಡೆಲಿವರಿ ಹುಡುಗನಿಗೆ ಮೈಲೇಜೇ ಜೀವನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡೂವರೆ ಲಕ್ಷದ ಗಾಡಿ ನೋಡಲು ಹೋದವರು ಮೈಲೇಜಿನ ಮೇಲೆಯೇ ತೀರ್ಮಾನ ಮಾಡಿದರೆ ಅದಕ್ಕಿಂತ ದೊಡ್ಡ ಖರ್ಚುಗಳು ಕಣ್ತಪ್ಪಿ ಹೋಗುತ್ತವೆ.

ದೊಡ್ಡ ಖರ್ಚುಗಳಲ್ಲಿ ಮೊದಲನೆಯದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಬೈಕುಗಳ ಜಿಎಸ್‌ಟಿ ಎರಡಾಗಿ ಸೀಳಿತು. 350 ಸಿಸಿವರೆಗಿನ ಗಾಡಿಗಳಿಗೆ ಶೇ 28 ಇದ್ದದ್ದು ಶೇ 18ಕ್ಕೆ ಇಳಿಯಿತು. ಅದಕ್ಕಿಂತ ಮೇಲಿನವಕ್ಕೆ ಸೆಸ್ ಸೇರಿ ಶೇ 31 ಇದ್ದದ್ದು ಶೇ 40ಕ್ಕೆ ಏರಿತು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್, ಹಂಟರ್, ಮೀಟಿಯರ್‌ಗಳ ಎಂಜಿನ್ 349 ಸಿಸಿ, ಹೋಂಡಾ ಸಿಬಿ 350 ಕೂಡ ಗೆರೆಯ ಈಚೆಗೇ ಇದೆ. ಟ್ರಯಂಫ್ ಸ್ಪೀಡ್ 400ರ 398 ಸಿಸಿ, ಹೊಸ ಹಿಮಾಲಯನ್‌ನ 452 ಸಿಸಿ, ಇಂಟರ್‌ಸೆಪ್ಟರ್‌ನ 648 ಸಿಸಿ ಎಂಜಿನ್‌ಗಳು ಆಚೆಗೆ ಬಿದ್ದವು. ಒಂದು ಗಾಡಿಯಿಂದ ಇನ್ನೊಂದಕ್ಕೆ ಏರಬೇಕೆಂದು ಹಣ ಕೂಡಿಡುತ್ತಿದ್ದ ಹುಡುಗರಿಗೆ ಇದು ನಿಜವಾದ ಪೆಟ್ಟು. ನಾನೂರು ಸಿಸಿ ಬೈಕನ್ನು ಐಷಾರಾಮಿ ವಸ್ತುವಿನ ಸಾಲಿಗೆ ಸೇರಿಸಿದ್ದು ನನಗೆ ಸರಿ ಕಾಣುವುದಿಲ್ಲ. ಅದನ್ನು ಕೊಳ್ಳುವವರಲ್ಲಿ ಬಹುಪಾಲು ಜನ ಕಂತು ಕಟ್ಟುವ ಸಂಬಳದಾರರು.

ಇದರ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ ಬರುತ್ತದೆ. ಒಂದು ಲಕ್ಷ ದಾಟಿದ ಪೆಟ್ರೋಲ್ ಬೈಕಿಗೆ ಕರ್ನಾಟಕದಲ್ಲಿ ಶೇ 18, ಅದರ ಮೇಲೆ ಸೆಸ್. ಎರಡು ಲಕ್ಷದ ಗಾಡಿಗೆ ಇದೊಂದೇ 36 ಸಾವಿರ. ಜೊತೆಗೆ, 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. ಜಾಹೀರಾತಿನಲ್ಲಿ ದಪ್ಪ ಅಕ್ಷರದ ಎಕ್ಸ್ ಶೋರೂಮ್ ಬೆಲೆ ನೋಡಿ ಹೋದವರು ಆನ್‌ರೋಡ್ ಬೆಲೆ ಕೇಳಿ ಕುರ್ಚಿಗೆ ಒರಗುವುದು ಇದಕ್ಕೇ. ಶೋರೂಮಿನಲ್ಲಿ ಹಾಳೆ ಬರೆದುಕೊಟ್ಟಾಗ ಪ್ರತಿ ಸಾಲನ್ನೂ ಕೇಳಿ ತಿಳಿದುಕೊಳ್ಳಿ. ‘ಹ್ಯಾಂಡ್ಲಿಂಗ್’, ‘ಆಕ್ಸೆಸರಿ ಪ್ಯಾಕ್’ ಎಂಬ ಸಾಲುಗಳು ಕಂಡರೆ ಬೇಡ ಎನ್ನುವ ಹಕ್ಕು ನಿಮಗಿದೆ. ವಿಮೆಯನ್ನು ಹೊರಗಿನಿಂದ ಮಾಡಿಸಿಕೊಳ್ಳುವ ಹಕ್ಕೂ ಇದೆ.

ಅಂಕಿಗಳನ್ನು ಓದುವ ಬಗೆ

ಹೋಲಿಕೆ ಎಂದ ಕೂಡಲೇ ನಮ್ಮವರು ಕುದುರೆ ಶಕ್ತಿಗೆ ಕೈಹಾಕುತ್ತಾರೆ. ಸ್ಪೀಡ್ 400ಕ್ಕೆ 40 ಪಿಎಸ್, ಕ್ಲಾಸಿಕ್ 350ಕ್ಕೆ 20 ಚಿಲ್ಲರೆ. ಅಲ್ಲಿಗೆ ಒಂದು ಇನ್ನೊಂದರ ಎರಡರಷ್ಟು ಒಳ್ಳೆಯದು ಎಂದು ತೀರ್ಪು. ಆದರೆ ಆ ನಲವತ್ತು ಸಿಗುವುದು ಎಂಜಿನ್ ನಿಮಿಷಕ್ಕೆ 8,000 ಸುತ್ತು ಸುತ್ತಿದಾಗ. ಊರೊಳಗೆ ಆ ಸುತ್ತಿಗೆ ಯಾರೂ ಹೋಗುವುದಿಲ್ಲ, ಹೋಗಲೂಬಾರದು. ದಿನನಿತ್ಯದ ಓಡಾಟದಲ್ಲಿ ಮೈಗೆ ತಿಳಿಯುವುದು ಟಾರ್ಕ್, ಮೆಕ್ಯಾನಿಕ್ ಬಾಯಲ್ಲಿ ‘ಎಳೆತ’. ಅದು ಎಷ್ಟಿದೆ ಎಂಬುದಕ್ಕಿಂತ ಎಷ್ಟು ಸುತ್ತಿಗೆ ಸಿಗುತ್ತದೆ ಎಂಬುದು ಮುಖ್ಯ. ಹೋಂಡಾ ಸಿಬಿ 350ರ ಸುಮಾರು 30 ನ್ಯೂಟನ್ ಮೀಟರ್ ಎಳೆತ 3,000 ಸುತ್ತಿಗೇ ಕೈಗೆ ಬರುತ್ತದೆ. ಕ್ಲಾಸಿಕ್‌ನ 27 ಬರುವುದು 4,000ಕ್ಕೆ, ಸ್ಪೀಡ್ 400ರ 37.5 ಬರುವುದು 6,500ಕ್ಕೆ, ಹಿಮಾಲಯನ್ 450ರ 40 ಬರುವುದು 5,500ಕ್ಕೆ.

ಈ ಸಂಖ್ಯೆಗಳನ್ನು ಚಾರ್ಮಾಡಿ ಘಾಟಿಗೆ ತೆಗೆದುಕೊಂಡು ಹೋಗಿ ನೋಡಿ. ಹಿಂದೆ ಒಬ್ಬರು ಕೂತಿದ್ದಾರೆ, ಬದಿಯಲ್ಲಿ ಬ್ಯಾಗು, ಮುಂದೆ ಲಾರಿ, ಮಂಜು. ತಿರುವಿನಿಂದ ಹೊರಬರುವಾಗ ವೇಗ ಮೂವತ್ತಕ್ಕೆ ಇಳಿದಿದೆ. ಕೆಳಸುತ್ತಿನ ಎಳೆತ ಇರುವ ಗಾಡಿ ಅದೇ ಗೇರಿನಲ್ಲಿ ಮುನಿಸಿಕೊಳ್ಳದೆ ಮೇಲೆದ್ದು ಬರುತ್ತದೆ. ಮೇಲುಸುತ್ತಿನ ಗಾಡಿಗೆ ಒಂದು ಗೇರು ಇಳಿಸಬೇಕು, ಕೆಲವೊಮ್ಮೆ ಎರಡು. ಆ ಗೇರಾಟವೇ ಸಂತೋಷ ಎನ್ನುವವರಿದ್ದಾರೆ, ಅವರಿಗೆ ಸ್ಪೀಡ್ 400 ಅಥವಾ ಕೆಟಿಎಂ 390ನಂಥ ಗಾಡಿಯೇ ಸರಿ. ಘಾಟಿಯುದ್ದಕ್ಕೂ ಕಾಡು ನೋಡುತ್ತ ಹೋಗಬೇಕೆನ್ನುವವರಿಗೆ 350ಗಳು ಸರಿ. ಎರಡೂ ಒಳ್ಳೆಯ ಗಾಡಿಗಳೇ. ನೀವು ಯಾವ ಬಗೆಯ ಸವಾರರು ಎಂಬುದನ್ನು ನಿಮ್ಮ ಈಗಿನ ಗಾಡಿ ಆಗಲೇ ತಿಳಿಸಿರುತ್ತದೆ. ಸುಮ್ಮನೆ ಕಳೆದ ಒಂದು ವರ್ಷ ಯಾವ ಗೇರಿನಲ್ಲಿ, ಯಾವ ವೇಗದಲ್ಲಿ ಹೆಚ್ಚು ಕಾಲ ಕಳೆದಿರಿ ಎಂದು ನೆನಪಿಸಿಕೊಳ್ಳಿ.

ಗರಿಷ್ಠ ವೇಗದ ಮಾತನ್ನಂತೂ ಪಕ್ಕಕ್ಕಿಡುವುದೇ ವಾಸಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ ವೇಯ ಮುಖ್ಯ ಪಥಕ್ಕೆ ದ್ವಿಚಕ್ರಗಳಿಗೆ ಪ್ರವೇಶವಿಲ್ಲ. ನೂರು ಸಿಸಿಯಾಗಲಿ, ಆರುನೂರೈವತ್ತಾಗಲಿ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಟ್ರ್ಯಾಕ್ಟರು, ಆಟೊ, ಎದುರಿನಿಂದ ಬರುವ ಸ್ಕೂಟರುಗಳ ನಡುವೆ. ಅಂಥ ರಸ್ತೆಯಲ್ಲಿ ಬೇಕಾಗುವುದು ಬ್ರೇಕು, ಟೈರು, ಸಸ್ಪೆನ್ಷನ್.

ಬ್ರೇಕಿನ ವಿಷಯದಲ್ಲಿ ನನ್ನದು ಖಚಿತ ನಿಲುವು. 125 ಸಿಸಿಗಿಂತ ಮೇಲಿನ ಎಲ್ಲ ಹೊಸ ಬೈಕುಗಳಿಗೆ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯ. ಆದರೆ ಒಂದೇ ಚಕ್ರಕ್ಕೆ ಕೊಟ್ಟರೂ ಕಾನೂನಿಗೆ ಸಾಕು. ಹೀಗಾಗಿ ಒಂದೇ ಮಾದರಿಯಲ್ಲಿ ಸಿಂಗಲ್ ಚಾನೆಲ್, ಡ್ಯುಯಲ್ ಚಾನೆಲ್ ಎಂದು ಎರಡು ಬಗೆ, ಎರಡು ಬೆಲೆ ಇರುವುದುಂಟು. ಮಲೆನಾಡಿನ ಮಳೆ, ರಸ್ತೆಯ ಮೇಲೆ ಹರಡಿದ ರಾಗಿ ಹುಲ್ಲು, ಕಲ್ಲಿನ ಪುಡಿ ಇವುಗಳ ಮೇಲೆ ಹಿಂದಿನ ಚಕ್ರ ಜಾರಿದವರಿಗೆ ಎರಡೂ ಚಕ್ರದ ಎಬಿಎಸ್‌ಗೆ ಕೊಡುವ ಕೆಲವು ಸಾವಿರದ ಬೆಲೆ ಗೊತ್ತು. ಬಣ್ಣಕ್ಕೆ, ಕ್ರೋಮಿಗೆ ಹೆಚ್ಚು ಕೊಡುವ ಬದಲು ಡ್ಯುಯಲ್ ಚಾನೆಲ್‌ಗೆ ಕೊಡಿ.

ಮೈಗೆ ಒಗ್ಗುವ ಗಾಡಿ

ಹೋಲಿಕೆಯ ಪಟ್ಟಿಗಳಲ್ಲಿ ಸೀಟಿನ ಎತ್ತರ, ಒಟ್ಟು ತೂಕ ಎಂಬ ಎರಡು ಅಂಕಿಗಳು ಕೊನೆಯಲ್ಲಿ ಇರುತ್ತವೆ. ನಾನು ಅವನ್ನೇ ಮೊದಲು ನೋಡುತ್ತೇನೆ. ಹಂಟರ್ 350ರ ಸೀಟು 790 ಮಿಲಿಮೀಟರ್, ಕ್ಲಾಸಿಕ್‌ನದು 805, ಹಿಮಾಲಯನ್ 450 ಮತ್ತು ಹೀರೋ ಎಕ್ಸ್‌ಪಲ್ಸ್ 200 4ವಿ ಎರಡರದ್ದೂ 825. ಕಾಗದದ ಮೇಲೆ ಮೂರೂವರೆ ಸೆಂಟಿಮೀಟರಿನ ವ್ಯತ್ಯಾಸ. ಐದೂಕಾಲು ಅಡಿ ಎತ್ತರದವರಿಗೆ ಅದು ಪೂರ್ತಿ ಪಾದ ಊರುವುದಕ್ಕೂ ತುದಿಗಾಲಲ್ಲಿ ನಿಲ್ಲುವುದಕ್ಕೂ ಇರುವ ವ್ಯತ್ಯಾಸ. ಆದರೆ ಅದೇ 825ರಲ್ಲಿ ಹಿಮಾಲಯನ್‌ನ ತೂಕ 196 ಕೆಜಿ, ಎಕ್ಸ್‌ಪಲ್ಸ್ ಅದಕ್ಕಿಂತ ಮೂವತ್ತು ಕೆಜಿಗೂ ಹೆಚ್ಚು ಹಗುರ. ಕುದುರೆಮುಖದ ಕಡೆ ಹೋಂಸ್ಟೇಗೆ ಇಳಿಯುವ ಮಣ್ಣಿನ ದಾರಿಯಲ್ಲಿ ಗಾಡಿ ವಾಲಿದಾಗ ಒಬ್ಬರೇ ಎತ್ತಿ ನಿಲ್ಲಿಸಬಲ್ಲ ಗಾಡಿ ಯಾವುದು ಎಂಬುದನ್ನು ಆ ಮೂವತ್ತು ಕೆಜಿ ನಿರ್ಧರಿಸುತ್ತದೆ. ಕಾಡು ದಾರಿಯನ್ನು ನಿಜವಾಗಿ ಪ್ರೀತಿಸುವ, ಒಂಟಿಯಾಗಿ ಹೋಗುವ ಸವಾರರಿಗೆ ಕಡಿಮೆ ಶಕ್ತಿಯ ಎಕ್ಸ್‌ಪಲ್ಸೇ ಮೇಲು ಎಂದು ನಾನು ಹೇಳುವುದು ಇದಕ್ಕಾಗಿ. ಹೆದ್ದಾರಿಯಲ್ಲಿ ಅದು ಬೇಗ ಏದುಸಿರು ಬಿಡುತ್ತದೆ, ನಿಜ. ಬೆಂಗಳೂರಿನಿಂದ ಗೋಕರ್ಣಕ್ಕೆ ಒಂದೇ ದಿನದಲ್ಲಿ ಹೋಗಿ ಸೇರಬೇಕು ಎನ್ನುವವರು ಹಿಮಾಲಯನ್ ನೋಡಲಿ.

ಶೋರೂಮಿನಲ್ಲಿ ಗಾಡಿ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಎಂಜಿನ್ ಆಫ್ ಇರುವಾಗ ಸ್ಟ್ಯಾಂಡ್ ತೆಗೆದು, ಕೂತಲ್ಲಿಂದಲೇ ಕಾಲಿನಲ್ಲಿ ಗಾಡಿಯನ್ನು ಹಿಂದಕ್ಕೆ ತಳ್ಳಿ. ಆಮೇಲೆ ಇಳಿದು, ಪಕ್ಕದಲ್ಲಿ ನಿಂತು ಅರ್ಧ ಸುತ್ತು ತಿರುಗಿಸಿ. ಮನೆಯ ಗೇಟಿನ ಇಳಿಜಾರಿನಲ್ಲಿ, ಅಪಾರ್ಟ್‌ಮೆಂಟಿನ ಕಂಬಗಳ ನಡುವೆ ದಿನಾ ಮಾಡಬೇಕಾದ ಕೆಲಸ ಇದು. ಇಲ್ಲಿಯೇ ಬೆವರು ಬಂದರೆ ಆ ಗಾಡಿಯನ್ನು ನೀವು ವಾರಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುತ್ತೀರಿ.

ಹಿಂದೆ ಕೂರುವವರನ್ನು ಟೆಸ್ಟ್ ರೈಡಿಗೆ ಕರೆದುಕೊಂಡು ಹೋಗುವವರು ಬಹಳ ಕಡಿಮೆ. ಇದು ನನಗೆ ಅರ್ಥವೇ ಆಗುವುದಿಲ್ಲ. ನಮ್ಮಲ್ಲಿ ಬೈಕು ಮನೆಯ ವಾಹನ. ಹೆಂಡತಿ, ತಾಯಿ, ಕಾಲೇಜಿಗೆ ಹೋಗುವ ಮಗಳು ಯಾರಾದರೂ ಅದರಲ್ಲಿ ಕೂರುವವರೇ. ಹಿಂದಿನ ಸೀಟು ಕಿರಿದಾಗಿ, ಮುಂದಕ್ಕೆ ಜಾರುವಂತಿದ್ದರೆ ಪ್ರತಿ ಬ್ರೇಕಿಗೂ ಅವರು ನಿಮ್ಮ ಬೆನ್ನಿಗೆ ಬಡಿಯುತ್ತಾರೆ. ಫುಟ್‌ರೆಸ್ಟ್ ತೀರ ಎತ್ತರಕ್ಕಿದ್ದರೆ ಇಪ್ಪತ್ತು ಕಿಲೋಮೀಟರಿಗೆ ಮಂಡಿ ನೋಯುತ್ತದೆ. ಸೀರೆಯುಟ್ಟು ಒಂದೇ ಬದಿಗೆ ಕೂರುವವರು ಮನೆಯಲ್ಲಿದ್ದರೆ ಹಿಡಿಕೆ ಎಲ್ಲಿದೆ, ಸೀರೆ ಗಾರ್ಡ್ ಚಕ್ರವನ್ನು ಎಷ್ಟು ಮುಚ್ಚುತ್ತದೆ ಎಂದು ಬಗ್ಗಿ ನೋಡಿ. ಹಿಂದಿನ ಚಕ್ರದ ಕನಿಷ್ಠ ಅರ್ಧವಾದರೂ ಮುಚ್ಚಿರಬೇಕು ಎಂಬುದು ಮೋಟಾರು ವಾಹನ ನಿಯಮದಲ್ಲೇ ಇದೆ. ಅಂದ ಕೆಡುತ್ತದೆಂದು ಗಾರ್ಡ್ ಬಿಚ್ಚಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸೆರಗು ಸಿಕ್ಕಿ ಬಿದ್ದವರ ಕಥೆ ಪ್ರತಿ ಊರಿನಲ್ಲೂ ಇದೆ. ಅರ್ಧ ಗಂಟೆಯ ಜೋಡಿ ಟೆಸ್ಟ್ ರೈಡಿಗೆ ಒಪ್ಪದ ಶೋರೂಮಿನಿಂದ ಎದ್ದು ಬನ್ನಿ.

ಬಿಸಿಯ ವಿಷಯ ಮಾಲೀಕರನ್ನೇ ಕೇಳಬೇಕು, ಅದೂ ಏಪ್ರಿಲ್‌ನಲ್ಲಿ ಓಡಿಸಿದವರನ್ನು. 390, 400, 450ರ ಲಿಕ್ವಿಡ್ ಕೂಲಿಂಗ್ ಎಂಜಿನ್ನನ್ನು ತಂಪಾಗಿಡುತ್ತದೆ. ಆ ಶಾಖವನ್ನು ಫ್ಯಾನು ಎಲ್ಲೋ ಒಂದು ಕಡೆ ಹೊರಗೆ ತಳ್ಳಲೇಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮೂರು ಸಿಗ್ನಲ್ ನಿಂತಾಗ ಅದು ಬರುವುದು ನಿಮ್ಮ ಕಾಲಿನ ಕಡೆಗೇ. ವಾರದಲ್ಲಿ ಐದು ದಿನ ಹಾಗೆ ನಿಲ್ಲುವವರು, ವಾರಾಂತ್ಯದ ಸುಖಕ್ಕಾಗಿ ಎಷ್ಟು ಬಿಸಿ ಸಹಿಸಬಲ್ಲೆವು ಎಂದು ಯೋಚಿಸಬೇಕು. ಬೆಂಗಳೂರಿನ ಎಷ್ಟೋ ಜನ ಇದಕ್ಕೇ ಆಫೀಸಿಗೆ ಒಂದು ಎಲೆಕ್ಟ್ರಿಕ್ ಸ್ಕೂಟರ್ ಇಟ್ಟುಕೊಂಡು, ಬೈಕನ್ನು ಪ್ರಯಾಣಕ್ಕೆ ಮೀಸಲಿಟ್ಟಿದ್ದಾರೆ. ಎರಡು ಗಾಡಿಗೆ ಜಾಗ, ಹಣ ಎರಡೂ ಇರುವವರಿಗೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಎಲೆಕ್ಟ್ರಿಕ್ ಬೈಕಿನಲ್ಲೂ ಬೆಂಗಳೂರಿನದೇ ಅಲ್ಟ್ರಾವಯಲೆಟ್ 2022ರಲ್ಲಿ ಎಫ್77 ಅನ್ನು ಮಾರುಕಟ್ಟೆಗೆ ತಂದಿತು. ಅದರ ಪಿಕಪ್ಪು ಬೆರಗು ಹುಟ್ಟಿಸುವಂಥದ್ದು. ಆದರೆ ಹೆದ್ದಾರಿಯ ವೇಗದಲ್ಲಿ ಗಾಳಿಯ ತಡೆ ಹೆಚ್ಚಿ ಬ್ಯಾಟರಿ ಬೇಗ ಇಳಿಯುತ್ತದೆ, ಪ್ರಮಾಣಪತ್ರದಲ್ಲಿ ಹೇಳಿದಷ್ಟು ದೂರ ಅಲ್ಲಿ ಸಿಗುವುದಿಲ್ಲ. ನಿಮ್ಮ ದಾರಿಯಲ್ಲಿ ಚಾರ್ಜರ್ ಎಲ್ಲೆಲ್ಲಿದೆ ಎಂದು ನಕ್ಷೆ ನೋಡಿಕೊಂಡೇ ಮುಂದಡಿಯಿಡಿ.

ಸರ್ವಿಸ್ ಸೆಂಟರ್ ಎಷ್ಟು ದೂರ?

ಬೆಂಗಳೂರಿನವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಸಿಂಧನೂರು, ಹೊಸನಗರ, ಚಳ್ಳಕೆರೆಯವರಿಗೆ ಇದೇ ಮೊದಲ ಪ್ರಶ್ನೆ. ಟ್ರಯಂಫ್ 400ಕ್ಕೆ 16,000 ಕಿಲೋಮೀಟರಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಸರ್ವಿಸ್ ಸಾಕು, ಇದು ದೊಡ್ಡ ಅನುಕೂಲವೇ. ಆದರೆ ನಡುವೆ ಒಂದು ಲಿವರ್ ಮುರಿದರೆ, ಸೆನ್ಸರ್ ಕೈಕೊಟ್ಟರೆ ಗಾಡಿಯನ್ನು ನೂರು ಕಿಲೋಮೀಟರ್ ಟೆಂಪೊದಲ್ಲಿ ಹಾಕಿಕೊಂಡು ಹೋಗಬೇಕೇ ಎಂಬುದನ್ನು ಮೊದಲೇ ವಿಚಾರಿಸಿ. 2020ರಲ್ಲಿ ಬಿಎಸ್6 ಬಂದ ಮೇಲೆ ಕಾರ್ಬ್ಯುರೇಟರ್ ಹೋಗಿ ಫ್ಯುಯಲ್ ಇಂಜೆಕ್ಷನ್ ಬಂತು. ಅರಳಿಕಟ್ಟೆ ಪಕ್ಕದ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ಟ್ಯೂನ್ ಮಾಡುವ ಕಾಲ ಮುಗಿಯಿತು. ಆದರೂ ಎನ್‌ಫೀಲ್ಡ್, ಹೀರೋ, ಬಜಾಜ್ ಪಲ್ಸರ್‌ಗಳ ಬಿಡಿಭಾಗ ತಾಲ್ಲೂಕು ಕೇಂದ್ರಗಳಲ್ಲಿ ಸಿಗುತ್ತದೆ, ಕೈ ಪಳಗಿದವರೂ ಸಿಗುತ್ತಾರೆ. ಮಂಡ್ಯದಾಚೆ ವಾಸವಿದ್ದು ಒಂದೇ ಗಾಡಿ ಇಟ್ಟುಕೊಳ್ಳುವವರಿಗೆ ಈ ಒಂದು ಕಾರಣಕ್ಕೇ ನಾನು 350 ಎನ್‌ಫೀಲ್ಡನ್ನು ಸಿಬಿ 350ಗಿಂತ ಮುಂದಿಡುತ್ತೇನೆ. ಎಂಜಿನ್ನಿನ ನಯದಲ್ಲಿ, ಗೇರಿನ ಹದದಲ್ಲಿ ಹೋಂಡಾ ಮೇಲು ಎಂದು ಗೊತ್ತಿದ್ದೂ.

ಹಳೆಯ ಗಾಡಿ ಕೊಳ್ಳುವ ಆಲೋಚನೆಯನ್ನು ಕೀಳಾಗಿ ನೋಡಬೇಡಿ. ತೆರಿಗೆ ಇಷ್ಟು ಏರಿರುವಾಗ, ಮೊದಲ ಮಾಲೀಕ ಜೀವಾವಧಿ ತೆರಿಗೆ ಕಟ್ಟಿ ಮುಗಿಸಿದ ಎರಡು ಮೂರು ವರ್ಷದ ಇಂಟರ್‌ಸೆಪ್ಟರ್ ಅಥವಾ ಕೆಟಿಎಂ ಡ್ಯೂಕ್ ನಿಜಕ್ಕೂ ಒಳ್ಳೆಯ ವ್ಯಾಪಾರ. ನೋಡಲು ಹೋಗುವ ಮೊದಲು ಗಾಡಿಯನ್ನು ಸ್ಟಾರ್ಟ್ ಮಾಡಬಾರದೆಂದು ಮಾಲೀಕರಿಗೆ ಹೇಳಿ. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಹಿಂದಿನ ಸ್ಪ್ರಾಕೆಟ್ ಹತ್ತಿರ ಕೂತು ಹಲ್ಲುಗಳನ್ನು ನೋಡಿ. ತುದಿ ಚೂಪಾಗಿ ಒಂದೇ ಕಡೆಗೆ ವಾಲಿದ್ದರೆ ಚೈನ್ ಸೆಟ್ ಖರ್ಚು ನಿಮ್ಮ ತಲೆಗೆ. ಮುಂದಿನ ಫೋರ್ಕಿನ ಹೊಳೆಯುವ ಭಾಗದ ಮೇಲೆ ಎಣ್ಣೆಯ ಉಂಗುರ ಇದೆಯೇ ಎಂದು ಬೆರಳಾಡಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ, 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಓಡೋಮೀಟರಿನಲ್ಲಿ ಎಂಟು ಸಾವಿರ, ಗೇರ್ ಪೆಡಲಿನ ರಬ್ಬರು ಮಾತ್ರ ಪೂರ್ತಿ ನುಣುಪು ಎಂದರೆ ಅಲ್ಲಿಂದ ಹೊರಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುವುದುಂಟು. ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ಹೊಸದೋ ಹಳೆಯದೋ, ಬಜೆಟ್ ಹಾಕುವಾಗ ಗಾಡಿಗೆಂದು ಇಟ್ಟ ಹಣದಲ್ಲಿ ಹದಿನೈದು ಸಾವಿರವನ್ನು ಮೊದಲೇ ಬೇರೆ ತೆಗೆದಿಡಿ. ಅದು ಇಬ್ಬರಿಗೆ ಐಎಸ್‌ಐ ಗುರುತಿನ, ಮುಖ ಪೂರ್ತಿ ಮುಚ್ಚುವ ಎರಡು ಹೆಲ್ಮೆಟ್, ಎರಡು ಜೊತೆ ಗ್ಲೌಸ್, ಓಡಿಸುವವರಿಗೆ ಒಂದು ಒಳ್ಳೆಯ ಜಾಕೆಟ್‌ಗೆ. ಈ ಹದಿನೈದು ಸಾವಿರ ತೆಗೆದ ಮೇಲೆ ಬಯಸಿದ ಗಾಡಿಗೆ ಹಣ ಸಾಲದಿದ್ದರೆ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಗಾಡಿ ಕೊಳ್ಳಿ.